ತುಳಸಿಯ ಮುಂದೆ ಹಾಸದ ತಟ್ಟು

ಬೆಳಿಗ್ಗೆ ಎದ್ದು ನೀರು ತುಂಬಿದೆ. ಜೋಳದ ಹಿಟ್ಟು ಜರಡಿ ಹಿಡಿದೆ. ಗೋಣಿತಟ್ಟುಗಳನ್ನು ಎರಡು ಸಲ ಜಾಲಾಡಿ ಮಾಳಿಗೆಯ ಮೇಲೆ ಹರವಿದೆ; ಸಾಬೂನಿನ ಅಂಟು ಒಂದೇ ನೀರಿಗೆ ಬಿಡುವುದಿಲ್ಲ. ಯಜಮಾನರ ಅಂಗಿಗೆ ಇಸ್ತ್ರಿ ಹಾಕಿದೆ. ವಿಮೆಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟೆ. ಅವರಿಗೆ ಚಹಾ ಕೊಟ್ಟೆ. ಅವರು ಕುಡಿಯಲಿಲ್ಲ, ಆರಿದ ಮೇಲೆ ನಾನೇ ಕುಡಿದೆ.

ಗಂಡ ಹೆಂಡತಿ ನಮ್ಮಿಬ್ಬರದು ಬೆಳಗಾವಿಯಲ್ಲಿ ಮಂಟಪ ಕಟ್ಟುವ, ದೀಪ ಹಾಕುವ ಕೆಲಸ. ಗೋವಾದಲ್ಲಿ ಯಾವುದೋ ಮದುವೆಯಲ್ಲಿ ಮಕ್ಕಳು ಸಾಬೂನಿನ ನೊರೆಯಲ್ಲಿ ಕುಣಿಯುವುದನ್ನು ಕಂಡು ಬಂದ ಯಜಮಾನರು, ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಅಂಥ ನೊರೆ ಉಕ್ಕಿಸುವ ಮಷಿನ್ ಮಾಡಿಸಿದರು. ಹಿಂದೆ ಫ್ಯಾನು, ಮುಂದೆ ಜಾಳು ಬಟ್ಟೆ, ನಡುವೆ ಸಾಬೂನು ನೀರು. ಹುಟ್ಟುಹಬ್ಬಗಳಿಗೆ ಕರೆ ಬರತೊಡಗಿತು. ಒಂದು ಮದುವೆ ಕಾರ್ಯಾಲಯದವರು "ಯಾರರೇ ಬಿದ್ದರ ಜವಾಬ್ದಾರಿ ಯಾರದು?" ಎಂದು ಕೇಳಿದ ಮೇಲೆ ವಿಮೆ ಮಾಡಿಸಿದೆವು. ನಮ್ಮ ಕೆಲಸದಿಂದ ಬೇರೆಯವರಿಗೆ ಪೆಟ್ಟಾದರೆ ಖರ್ಚು ಕಂಪನಿಯದು. ಏಜೆಂಟರು ಒಂದು ಮಾತನ್ನು ಒತ್ತಿ ಹೇಳಿದ್ದರು: "ಏನರೇ ಆದರ ಮೊದಲ ನಮಗ ತಿಳಸ್ರಿ. ನಮ್ಮನ್ನ ಕೇಳದ ತಪ್ಪು ನಮ್ಮದು ಅಂತ ಒಪ್ಕೋಬ್ಯಾಡ್ರಿ. ಒಪ್ಕೊಂಡ್ರ ಕಂಪನಿ ಕೈ ಬಿಡ್ತೈತಿ."

ಕಾವಲು ನನ್ನ ಕೆಲಸ. ಸಾಬೂನು ನೀರನ್ನು ಮೊದಲು ನನ್ನ ಮುಂಗೈಗೆ ಹಚ್ಚಿ ನೋಡುವುದು, ವೈರು ನೆಲ ಮುಟ್ಟದಂತೆ ಎತ್ತರಕ್ಕೆ ಕಟ್ಟಿಸುವುದು, ನೊರೆ ಮಕ್ಕಳ ಸೊಂಟ ದಾಟದಂತೆ ನೋಡಿಕೊಳ್ಳುವುದು, ಕಾಲು ಜಾರದಂತೆ ಎಲ್ಲ ಕಡೆ ತಟ್ಟು ಹಾಸುವುದು.

ಎಂಟು ದಿನದ ಹಿಂದೆ ಖಾನಾಪುರದ ಒಂದು ಮನೆಯ ಅಂಗಳದಲ್ಲಿ ಮೊಮ್ಮಗಳ ಹುಟ್ಟುಹಬ್ಬವಿತ್ತು. ತುಳಸಿಕಟ್ಟೆಯ ಸುತ್ತ ಮಾತ್ರ ನಾವು ತಟ್ಟು ಹಾಸಲಿಲ್ಲ. ಊರೆಲ್ಲ ತುಳಿದ ತಟ್ಟು, ಅದನ್ನು ತುಳಸಿಯ ಮುಂದೆ ಹೇಗೆ ಹಾಸುವುದು? ಹಗ್ಗವನ್ನಾದರೂ ಕಟ್ಟಬಹುದಿತ್ತು, ಹೊಳೆಯಲಿಲ್ಲ. ಗಾಳಿಗೆ ನೊರೆ ಅತ್ತ ಸರಿಯಿತು. ಸಂಜೆ ದೀಪ ಹಚ್ಚಲು ಬರಿಗಾಲಲ್ಲಿ ಬಂದ ಆ ಮನೆಯ ಅಜ್ಜಿ, ಎಲ್ಲರೂ ಆಯಿ ಎಂದು ಕರೆಯುವವರು, ಕಲ್ಲಿನ ಮೇಲೆ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಯಜಮಾನರು ಓಡಿಹೋಗಿ ಅವರ ಎರಡೂ ಪಾದ ಹಿಡಿದರು. "ತಪ್ಪಾತ್ರಿ ಆಯಿ, ನಂದ ತಪ್ಪು." ಅಂಗಳದಲ್ಲಿದ್ದವರೆಲ್ಲ ಕೇಳಿದರು.

ಈಗ ವಿಮೆ ಕಂಪನಿಯ ಸಾಹೇಬರು ವಿಚಾರಣೆಗೆ ಆ ಮನೆಗೇ ಬರುವವರಿದ್ದರು. ಕಂಪನಿ ಕೈಬಿಟ್ಟರೆ ಆಸ್ಪತ್ರೆಯ ಭಾರ ನಮ್ಮದೇ. ಅದಕ್ಕೆ ಮಷಿನ್ ಮಾರಬೇಕು.

ಖಾನಾಪುರದ ಬಸ್ಸಿನಲ್ಲಿ ಯಜಮಾನರದು ಒಂದೇ ಮಾತು. "ಕೇಳಿದರ ನಾ ಸುಳ್ಳು ಹೇಳಂಗಿಲ್ಲ ನೋಡು."

"ಹೇಳ್ರಿ ಅಂದವರ್‍ಯಾರು?" ಎಂದೆ.

ಆಯಿಯ ಅಂಗಳದಲ್ಲಿ ಸಾಹೇಬರು ತುಳಸಿಕಟ್ಟೆ ನೋಡಿದರು, ಕಲ್ಲಿನ ಮೇಲೆ ಕಾಲು ಉಜ್ಜಿ ನೋಡಿದರು. ಇಲ್ಲಿ ಯಾಕೆ ಹಾಸಲಿಲ್ಲ ಎಂದರು. ಯಜಮಾನರು ಇದ್ದದ್ದು ಇದ್ದಂತೆ ಹೇಳಿದರು.

"ತಪ್ಪು ನಂದು ಅಂತ ನೀವು ಅಂದಿರೇನು?" ಎಂದು ಸಾಹೇಬರು ಕೇಳಿದರು.

"ಹೌದ್ರಿ, ಅಂದೇನ್ರಿ."

ಪೆನ್ನು ಕಾಗದದ ಮೇಲೆ ನಿಂತಿತು. ಹೊರಸಿನ ಮೇಲೆ ಪ್ಲಾಸ್ಟರಿನ ಕೈಯನ್ನು ದಿಂಬಿಗೆ ಆನಿಸಿ ಕುಳಿತಿದ್ದ ಆಯಿ ಕೇಳಿದರು: "ಏನ್ ಬರೀಲಿಕ್ಕತ್ತೀಯೋ ತಮ್ಮಾ?"

"ಇವರು ತಪ್ಪು ಒಪ್ಕೊಂಡಾರ ಅಂತ, ಆಯಿ."

"ಹಿರೇರಿಗೆ ನಿನ್ನ ಕಾಲು ತಾಗಿದರ ನೀ ಏನ್ ಮಾಡ್ತಿ?"

"ಮುಟ್ಟಿ ನಮಸ್ಕಾರ ಮಾಡ್ತೀನ್ರಿ."

"ಅಷ್ಟಕ್ಕ ನಿನ್ನ ಕೋರ್ಟಿಗೆ ಎಳೀತಾರೇನು? ಮುದುಕಿ ಬಿದ್ದಾಗ ತಪ್ಪಾತು ಅನ್ನದ ಇಂವ ಸುಮ್ಮ ನಿಂತಿದ್ದರ, ಬಡಿಗಿ ತಗೊಂಡು ಹೊಡೀತಿದ್ದೆ. ಎಡಗೈಲೇ!"

ಸಾಹೇಬರು ನಕ್ಕರು. ಆಮೇಲೆ ಮೆಲ್ಲಗೆ, "ತಟ್ಟು ಹಾಸಿರಲಿಲ್ಲ ಅನ್ನೂದು ಬರೀಲೇಬೇಕ್ರಿ," ಎಂದರು.

"ಬರಿ, ಅದು ಖರೇ ಐತಿ. ತುಳಸವ್ವನ ಮುಂದ ಅದನ್ನ ಹಾಸಿದ್ದರ ನಾನ ಬೈತಿದ್ದೆ. ಅದನ್ನೂ ಬರಿ."

ಬಿದ್ದ ಹಿರಿಯರ ಕಾಲು ಹಿಡಿದು ತಪ್ಪಾಯಿತು ಎನ್ನುವುದು ಇಲ್ಲಿಯ ವಾಡಿಕೆ, ಖರ್ಚು ಕೊಡುತ್ತೇನೆಂದು ಇವರು ಯಾರಿಗೂ ಮಾತು ಕೊಟ್ಟಿಲ್ಲ ಎಂದು ಸಾಹೇಬರು ಬರೆದು ಓದಿ ಹೇಳಿದರು. ಆಯಿ ಎಡಗೈ ಹೆಬ್ಬೆಟ್ಟು ಒತ್ತಿದರು. "ಎಡಗೈಲೆ ಕೊಡಬಾರದಂತಾರ. ಏನ್ ಮಾಡೂಣು, ಗಟ್ಟಿ ಉಳದಿದ್ದು ಇದೊಂದ."

ಮೇಲಿನವರು ಒಪ್ಪಬೇಕು, ಆದರೆ ತನಗೇನೂ ಅಡ್ಡಿ ಕಾಣುವುದಿಲ್ಲ ಎಂದು ಹೇಳಿ ಸಾಹೇಬರು ಹೊರಟರು. ಒಪ್ಪಿದ ಪತ್ರ ಬಂದದ್ದು ತಿಂಗಳ ಮೇಲೆ.

ನಾವು ಏಳುವಾಗ ಆಯಿ ಒಂದಿಷ್ಟು ಆಮಸೂಲನ್ನು, ಸಾರಿಗೆ ಹಾಕುವ ಒಣ ಪುನರ್ಪುಳಿಯನ್ನು, ಬಟ್ಟೆಯಲ್ಲಿ ಹಾಕಿದರು. ಒಂದೇ ಕೈಗೆ ಗಂಟು ಬೀಳಲಿಲ್ಲ. ಯಜಮಾನರು ಬಟ್ಟೆಯ ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಕಟ್ಟಿದರು.

"ಮುಂದಿನ ವರ್ಷನೂ ಬರ್ರಿ," ಎಂದರು ಆಯಿ. "ತುಳಸವ್ವಗ ಹೊಸಾ ತಟ್ಟು ತರ್ರಿ, ಯಾರೂ ತುಳೀದಿದ್ದು."

ಮನೆಗೆ ಬಂದು ರೊಟ್ಟಿ ಬಡಿದೆ. ಬದನೆಕಾಯಿ ಪಲ್ಯ, ಅನ್ನ, ಆಯಿ ಕೊಟ್ಟ ಆಮಸೂಲಿನ ಸಾರು. ಯಜಮಾನರು ಎರಡು ಸಲ ಅನ್ನ ಹಾಕಿಸಿಕೊಂಡರು. ನಾನು ಮಾಳಿಗೆಯಿಂದ ತಟ್ಟು ಇಳಿಸಿ ತರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು, ಎಂಟು ದಿನಗಳಲ್ಲಿ ಮೊದಲ ಸಲ ನನಗಿಂತ ಮುಂಚೆ.