ಬಲ್ಬಿಗೆ ಕೈ ಮುಗಿಯುವವರು

ಹೇಳಿದರೆ ನಗುತ್ತೀರಿ. ಇವತ್ತಿಗೂ ಸಂಜೆ ಸ್ವಿಚ್ ಹಾಕಿ ಬಲ್ಬು ಹೊತ್ತಿಕೊಂಡದ್ದೇ ನನ್ನ ಎರಡೂ ಕೈ ತಾವಾಗಿ ಕೂಡುತ್ತವೆ. ವಿಜ್ಞಾನದ ಮೇಷ್ಟ್ರ ಅವಸ್ಥೆ ನೋಡಿ ಎಂದು ಮೊಮ್ಮಕ್ಕಳು ಅಣಕಿಸುತ್ತಾರೆ. ಅಣಕಿಸಲಿ. ಈ ಅಭ್ಯಾಸ ನನಗೆ ಅಂಟಿದ್ದು ಅಜ್ಜಿಯಿಂದ, ಅವರಿಗೋ ಅದು ಸುಲಭಕ್ಕೆ ಅಂಟಿದ್ದಲ್ಲ.

ಐವತ್ತರ ದಶಕದಲ್ಲಿ ಅತ್ತಾವರದ ನಮ್ಮ ಮನೆಗೆ ಬರುತ್ತಿದ್ದದ್ದು ಊರಿನದೇ ಡೀಸೆಲ್ ಎಂಜಿನ್ನಿನ ಕರೆಂಟು. ಆ ಎಂಜಿನ್ ನಡೆಸುತ್ತಿದ್ದವರು ನನ್ನ ಸೋದರಮಾವ. ಗಾಳಿ ಇತ್ತ ಬೀಸಿದರೆ ಅದರ ದಡಬಡ ನಮ್ಮ ಚಾವಡಿಗೇ ಕೇಳುತ್ತಿತ್ತು. ಸಂಜೆ ದೀಪ ಹಚ್ಚಿದ ಕೂಡಲೇ ಕೈ ಮುಗಿಯುವುದು ನಮ್ಮಲ್ಲಿ ಕ್ರಮ. ಅಜ್ಜಿ ತೆಂಗಿನೆಣ್ಣೆಯ ದೀಪಕ್ಕೆ ಮುಗಿಯುತ್ತಿದ್ದರು, ಮಗ ಉರಿಸಿದ ಬಲ್ಬಿಗೆ ಮಾತ್ರ ಇಲ್ಲ. ಅದನ್ನು ದೇವರ ಕೋಣೆಗೂ ಬಿಟ್ಟವರಲ್ಲ. ಡೀಸೆಲಿನ ನಾತದಲ್ಲಿ ಹುಟ್ಟಿದ ಬೆಳಕು ಮೈಲಿಗೆಯಂತೆ! ನಿಮ್ಮ ದೀಪವೂ ಎಣ್ಣೆಯದ್ದೇ ಅಲ್ಲವಾ ಎಂದು ಮಾವ ವಾದ ಹೂಡಿದರೆ, ನಿನ್ನ ಎಣ್ಣೆಯನ್ನು ತಲೆಗೆ ಹಚ್ಚಿಕೊಂಡು ಬಾ, ಆಮೇಲೆ ಮಾತಾಡುವ ಎನ್ನುತ್ತಿದ್ದರು. ಮಾವ ನಗುತ್ತಿದ್ದರು. ಆದರೆ ರಜೆಯ ದಿನ ಬಲ್ಬು ಹೊತ್ತುವಾಗ ಅವರ ಕಣ್ಣು ಅಜ್ಜಿಯ ಕೈ ಮೇಲೆಯೇ ಇರುತ್ತಿತ್ತು. ಊರಿಗೆಲ್ಲ ಬೆಳಕು ಕೊಡುವ ಮನುಷ್ಯನಿಗೆ ಅದೊಂದು ನಮಸ್ಕಾರ ಬೇಕಿತ್ತು, ಪಾಪ.

ಆಮೇಲೆ ಜೋಗದ ಕರೆಂಟು ಬಂತು. ನಾನಾಗ ಹೊಸ ಮೇಷ್ಟ್ರು. ಪುಸ್ತಕದಲ್ಲಿ ಓದಿದ್ದು ಬೇರೆ, ಚಾವಡಿಯಲ್ಲಿ ಕಂಡದ್ದು ಬೇರೆ. ಎಲ್ಲಿಯದೋ ಘಟ್ಟದಲ್ಲಿ ಒಂದು ಹೊಳೆ ಧುಮುಕುವುದೆಂದರೇನು, ತಾನು ಸಮುದ್ರದ ದಾರಿ ಹಿಡಿದು ತನ್ನ ಬಲವನ್ನು ಮಾತ್ರ ತಂತಿಯ ಮೇಲೆ ಕಾಡು ಗುಡ್ಡ ದಾಟಿಸಿ ನಮ್ಮ ಮನೆಗೆ ಕಳಿಸುವುದೆಂದರೇನು! ಹೊಗೆ ಇಲ್ಲ, ನಾತ ಇಲ್ಲ, ತಂತಿ ಒದ್ದೆಯೂ ಇಲ್ಲ. ನಾನು ಬಾಯಿ ಬಿಟ್ಟುಕೊಂಡು ಬಲ್ಬು ನೋಡುತ್ತ ನಿಂತೆ. ಅಜ್ಜಿಗೆ ವಿವರಿಸಿದ್ದೇ ತಡ, "ಹೊಳೆಯದ್ದಾ? ಹಾಗಾದರೆ ತೀರ್ಥವೇ ಆಯಿತಲ್ಲ ಮಾರಾಯ" ಎಂದು ಕೈ ಮುಗಿದರು. ದೇವರ ಕೋಣೆಗೂ ಒಂದು ಬಲ್ಬು ಹಾಕಿಸಿದರು. ಊರಿನ ಎಂಜಿನ್ ನಿಂತಿತು. ಅದನ್ನು ಒರೆಸಿ ಇಡುವ ಕೆಲಸವಷ್ಟೇ ಮಾವನಿಗೆ ಉಳಿಯಿತು. ಅಂದು ಅವರು ಸರಿಯಾಗಿ ಊಟ ಮಾಡಲಿಲ್ಲ.

ಒಂದು ವರ್ಷ ಮಳೆ ತಡವಾಯಿತು. ಘಟ್ಟದ ಮೇಲೆ ನೀರು ತಳ ಕಂಡಿತು, ಮಾವನ ಎಂಜಿನ್ನನ್ನು ಪುನಃ ಎಬ್ಬಿಸಿದರು. ಸಂಜೆ ದೇವರ ಕೋಣೆಯ ಬಾಗಿಲಲ್ಲಿ ಅಜ್ಜಿ ನನ್ನನ್ನು ತಡೆದು, ಈಗ ಬಂದದ್ದು ಹೊಳೆಯದ್ದೋ ಎಂಜಿನ್ನಿನದ್ದೋ ಎಂದು ಕೇಳಿದರು. ಎರಡೂ ಒಂದೇ ತಂತಿಯಲ್ಲಿ ಕೂಡಿ ಬರುತ್ತವೆ, ಬೇರೆ ಮಾಡಲು ಯಾರಿಂದಲೂ ಆಗದು ಎಂದೆ. ಹೇಳುವಾಗ ನನಗೇ ಮೈ ಜುಮ್ಮೆಂದಿತು. ಬಲ್ಬು ತೆಗೆಸುತ್ತಾರೆ ಎಂದುಕೊಂಡೆ. ಅಜ್ಜಿ ಸ್ವಲ್ಪ ಹೊತ್ತು ದೂರದ ದಡಬಡ ಕೇಳುತ್ತ ನಿಂತರು.

"ಹೊಳೆಗೆ ಸುಸ್ತಾದಾಗ ನನ್ನ ಮಗ ಹೆಗಲು ಕೊಟ್ಟಿದ್ದಾನೆ" ಎಂದರು. ಬಲ್ಬಿನ ಕಡೆಗಲ್ಲ, ಸದ್ದು ಬರುವ ಕಡೆಗೆ ತಿರುಗಿ ಕೈ ಮುಗಿದರು.

ಮರುದಿನ ಮಾವನಿಗೆ ಹೇಳಿದೆ. ಬಟ್ಟೆ ಚೂರಿನಿಂದ ಕೈ ಒರೆಸಿಕೊಳ್ಳುತ್ತಿದ್ದವರು, ಕೈ ಚೊಕ್ಕವಾದ ಮೇಲೂ ಒರೆಸುತ್ತಲೇ ಇದ್ದರು.

ಈಗ ಕಲ್ಲಿದ್ದಲು, ಗಾಳಿ, ಬಿಸಿಲು ಎಲ್ಲವೂ ಆ ತಂತಿಯೊಳಗೆ ಉಂಟಂತೆ. ಹಾಗಾದರೆ ಯಾವುದಕ್ಕಜ್ಜ ನೀವು ಕೈ ಮುಗಿಯುವುದು ಎಂದು ಮೊಮ್ಮಕ್ಕಳು ಕೇಳುತ್ತಾರೆ. ನನಗೆಂತ ಗೊತ್ತು? ಯಾರದೋ ಮಗ ಅಲ್ಲಿ ಕೆಲಸದಲ್ಲಿರುತ್ತಾನಲ್ಲ. ಅವನ ಅಮ್ಮ ಮರೆತಿದ್ದರೆ, ಅವಳ ಪರವಾಗಿ ನನ್ನದೊಂದು ಇರಲಿ.