ಹತ್ತನೆಯ ದಿನಕ್ಕೆ ಗಿಳಿಹಸಿರು ಸೀರೆ

ರಾಯಚೂರಿನಲ್ಲಿ ಮಕ್ತಲ್ ಬಸ್ಸು ಹತ್ತಿದಾಗ ನನ್ನ ತಲೆ ಕಾದಿತ್ತು. ತಂಗಿ ಸುಗುಣಾಳ ಗಂಡ ಪ್ರಕಾಶಂ ತೀರಿಕೊಂಡ ಹತ್ತನೆಯ ದಿನದ ಪ್ರಾರ್ಥನೆ ಮರುದಿನ ಗದ್ವಾಲಿನಲ್ಲಿತ್ತು. ಅವನು ಮದುವೆಗೆ ಮೊದಲೇ ನಮ್ಮ ಕ್ರೈಸ್ತ ಸಭೆಗೆ ಸೇರಿದ ನೇಕಾರ. ಅವನ ಬಂಧುಗಳು ಸೇರಿದವರಲ್ಲ. ಅವರ ಪದ್ಧತಿಯಂತೆ ಹತ್ತನೆಯ ದಿನ ವಿಧವೆಯ ತವರಿನವರು ಬಿಳಿ ಸೀರೆ ತರಬೇಕು, ಅವಳು ಬಳೆ ಒಡೆದು ಅದನ್ನು ಉಡಬೇಕು. ಅಪ್ಪ ಅಮ್ಮ ಇಲ್ಲದ್ದರಿಂದ ತವರು ಎಂದರೆ ನಾನೊಬ್ಬಳೇ. ಬಿಳಿ ಸೀರೆ ತರಲೇಬೇಕೆಂದು ಆ ಬಂಧುಗಳಿಂದ ಮೂರು ಸಲ ಫೋನು ಬಂದಿತ್ತು.

ತೆಲಂಗಾಣದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದು ಆಧಾರ್ ತೋರಿಸಿದೆ. ಕಂಡಕ್ಟರು ನಕ್ಕ. "ಅಕ್ಕಾರ, ಫ್ರೀ ತೆಲಂಗಾಣದ ಹೆಣ್ಮಕ್ಕಳಿಗೆ ರೀ. ನಿಮ್ದು ರಾಯಚೂರು ಐತಿ." ನಾನು ದುಡ್ಡು ಕೊಟ್ಟೆ. ಕೃಷ್ಣೆಯ ಸೇತುವೆ ದಾಟುವಾಗಲೇ ಬಿಸಿಲು ಸುಡುತ್ತಿತ್ತು. ಮಕ್ತಲಿನಲ್ಲಿ ಬಸ್ಸು ಬದಲಿಸಿ, ಸೀರೆಗೆ ಹೆಸರಾದ ನಾರಾಯಣಪೇಟೆಗೆ ಹೋದೆ. ಸೀರೆ ಕೊಳ್ಳಬೇಕಿದ್ದರೆ ಅಲ್ಲಿಯೇ ಕೊಳ್ಳಬೇಕು ಎಂಬುದು ನನ್ನ ಹಠ.

ಅಂಗಡಿಯವರು ಬಣ್ಣಬಣ್ಣದ ಸೀರೆ ಹರಡಿ, ಯಾರಿಗೆ ಎಂದು ಕೇಳಿದರು. ತಂಗಿಗೆ, ಗಂಡ ತೀರಿಕೊಂಡಿದ್ದಾನೆ ಎಂದೆ. ಅವರು ಹರಡಿದ್ದನ್ನೆಲ್ಲ ಮಡಚಿ ಒಳಗಿಟ್ಟು, ಕಪಾಟಿನ ಕೆಳಗಿನಿಂದ ಬಿಳಿಯದೊಂದನ್ನು ತೆಗೆದರು.

"ಆ ಗಿಳಿಹಸಿರು ಕೊಡ್ರಿ, ಕೆಂಪಂಚಿಂದು."

"ಅದು ಮುತ್ತೈದೇರು ಉಡೂದು ರೀ."

"ಉಡಾಕಿ ನನ್ನ ತಂಗಿ ರೀ, ನೀವಲ್ಲ."

ಅವರು ಕಟ್ಟಿಕೊಟ್ಟರು.

ಮಧ್ಯಾಹ್ನ ಮಕ್ತಲಿಗೆ ವಾಪಸು ಬಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದೆ. ಪ್ರಾರ್ಥನೆ ನಡೆಸಬೇಕಿದ್ದ ಸಭೆಯ ಹಿರಿಯರು ಯೋಹಾನಪ್ಪ ಅಲ್ಲಿ ನನ್ನ ಜೊತೆಯಾದರು. ಗದ್ವಾಲಿನ ಬಸ್ಸಿನಲ್ಲಿ ಸೀರೆ ನೋಡಿ ಅವರ ಮುಖ ಸಣ್ಣದಾಯಿತು.

"ಒಂದ್ ದಿನದ ಮಾತಮ್ಮ. ಮಂದಿ ಮುಂದ ಬಳಿ ತೆಗೀಲಿ, ಆಮ್ಯಾಲ ಹಾಕ್ಕೊಳ್ಳಲಿ. ದೇವರು ಮನಸ್ಸು ನೋಡತಾನ. ಮಗ್ಗ ನಡೀಬೇಕಲ್ಲ?"

ಇಂಥ ಮಾತನ್ನು ನಾನು ಬಂಧುಗಳಿಂದ ನಿರೀಕ್ಷಿಸಿದ್ದೆ, ಇವರಿಂದಲ್ಲ. ಆದರೆ ಮಗ್ಗದ ಮಾತು ಸುಳ್ಳಾಗಿರಲಿಲ್ಲ. ಗದ್ವಾಲ್ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಒಂದೊಂದು ಎಳೆಗೂ ಅಂಚಿನ ನೂಲನ್ನು ಒಡಲಿನ ನೂಲಿಗೆ ಕೊಂಡಿ ಹಾಕಬೇಕು, ಅದಕ್ಕೇ ಮಗ್ಗದಲ್ಲಿ ಇಬ್ಬರು ಅಕ್ಕಪಕ್ಕ ಕೂರುತ್ತಾರೆ. ಪ್ರಕಾಶಂ ಹೋದ ಮೇಲೆ ಸುಗುಣಾಳ ಪಕ್ಕದ ಅವನ ಜಾಗಕ್ಕೆ ಬರಬಹುದಾದವಳು ಅವನ ತಮ್ಮನ ಹೆಂಡತಿ ಲಕ್ಷ್ಮಿ ಒಬ್ಬಳೇ. ಸುಗುಣಾ ಬಳೆ ಒಡೆಯದಿದ್ದರೆ ತಾನು ಪಕ್ಕದಲ್ಲಿ ಕೂರುವುದಿಲ್ಲ ಎಂದು ಅವಳು ಹೇಳಿಯಾಗಿತ್ತು. ಜೂರಾಲಾ ಅಣೆಕಟ್ಟಿನ ಮೇಲೆ ಬಸ್ಸು ನಿಧಾನವಾಗಿ ಸಾಗುವಾಗ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದೆ.

ಗದ್ವಾಲಿನ ಮನೆಯಲ್ಲಿ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಸುಗುಣಾಳ ಕಣ್ಣುಗಳು ಅತ್ತು ಅತ್ತು ಬಾತಿದ್ದವು. ನಾನು ತಂದದ್ದನ್ನು ನೋಡಿ ಎದೆಗೆ ಒತ್ತಿಕೊಂಡಳು. ಹಿರಿಯರು ಬಸ್ಸಿನಲ್ಲಿ ಆಡಿದ್ದನ್ನೇ ಮೆಲ್ಲಗೆ ಅವಳಿಗೂ ಹೇಳಿದರು.

"ಬಳಿ ಇದ್ರ ಪುಣ್ಯಾನೂ ಇಲ್ಲ, ಇಲ್ದಿದ್ರ ಪಾಪಾನೂ ಇಲ್ಲ, ನನಗ ಗೊತ್ತೈತಿ ರೀ," ಎಂದಳು ಸುಗುಣಾ. "ಆದ್ರ ಒಡದ್ರ, ನಾ ಅಪಶಕುನ ಅಂತ ನಾನಾ ಒಪ್ಪಿಕೊಂಡಂಗ. ನಮ್ಮವ್ರು ಯೇಸುಸ್ವಾಮಿ ಹತ್ರ ಅದಾರಂತ ಸಮಾಧಿ ಮುಂದ ಹೇಳೀನಿ. ಅದನ್ನ ಸುಳ್ಳು ಮಾಡಾಕ ನನ್ನಿಂದ ಆಗೂದಿಲ್ಲ. ಒಂದ್ ದಿನಕ್ಕೂ ಆಗೂದಿಲ್ಲ."

ಹಿರಿಯರು ಮರುದಿನದ ಪ್ರಾರ್ಥನೆಯ ಹೊತ್ತು ಕೇಳಿಕೊಂಡು ಎದ್ದರು.

ಮರುದಿನ ಅವಳು ಗಿಳಿಹಸಿರು ಸೀರೆ ಉಟ್ಟು, ಕೈತುಂಬ ಬಳೆಯಿಟ್ಟುಕೊಂಡೇ ಪ್ರಾರ್ಥನೆಗೆ ಕೂತಳು. ಆಮೆನ್ ಅನ್ನುವ ಮೊದಲೇ ಬಂಧುಗಳು ಎದ್ದು ಹೋದರು. ಅನ್ನ, ಮಟನ್ ಸಾರು ಪಾತ್ರೆಯಲ್ಲೇ ಉಳಿಯಿತು. ಲಕ್ಷ್ಮಿ ಮಾತ್ರ ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

"ನನಗೂ ಗಂಡ ಅದಾನ ಅಕ್ಕಾ. ನನಗ ಅಂಜಿಕಿ ಬರತೈತಿ. ನಿನ್ನ ಬಾಜೂಕ ಹ್ಯಾಂಗ ಕೂಡ್ಲಿ?"

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲ, ಹೋಗು," ಎಂದು ಸುಗುಣಾ ಅವಳ ಬೆನ್ನು ಸವರಿದಳು.

ಮನೆ ಖಾಲಿಯಾಯಿತು. ಅವಳು ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಗ್ಗದ ಗುಂಡಿಗೆ ಇಳಿದಳು. ಲಾಳಿ ಎಸೆದು, ಈ ಕಡೆಯ ಅಂಚಿಗೆ ಕೊಂಡಿ ಹಾಕಿ, ಹಲಗೆಯ ಮೇಲೆ ಜರುಗಿ ಪ್ರಕಾಶಂ ಕೂರುತ್ತಿದ್ದ ಜಾಗಕ್ಕೆ ಹೋಗಿ ಆ ಕಡೆಯದನ್ನು ಹಾಕಿದಳು. ಮತ್ತೆ ಜರುಗಿ ಈ ಕಡೆ ಬಂದಳು. ಒಂದು ಎಳೆಗೆ ಅಷ್ಟು ಓಡಾಟ. ಹೀಗೆ ನೇಯ್ದರೆ ಆ ಸೀರೆ ಮುಗಿಯಲು ಎಷ್ಟು ತಿಂಗಳು ಬೇಕೋ ಎಂದುಕೊಂಡೆ. ಎರಡು ದಿನ ಇದ್ದು ಹೋಗುತ್ತೇನೆ ಎಂದೆ.

"ಇದ್ದು ಏನ್ ಮಾಡ್ತಿ? ನಿನಗ ನೇಯಾಕ ಬರೂದಿಲ್ಲ," ಎಂದಳು, ಲಾಳಿಯಿಂದ ಕಣ್ಣು ತೆಗೆಯದೆ. "ಐಜ ಊರಿನ ಮ್ಯಾಲ ರಾಯಚೂರಿಗೆ ಹೋಗೂ ಬಸ್ ಬರೂ ಹೊತ್ತಾತು. ನನಗ ಕೆಲಸ ಐತಿ."

ಚೀಲ ಹಿಡಿದು ಹೊರಬಂದು, ಅಂಗಳದಲ್ಲಿ ನಿಂತು ಒಮ್ಮೆ ತಿರುಗಿ ನೋಡಿದೆ. ಅವಳು ಗಂಡನ ಜಾಗದಲ್ಲಿ ಕೂತು ಕೊಂಡಿ ಹಾಕುತ್ತಿದ್ದಳು.