ಅಂಗೈಯಲ್ಲಿ ಬೀಗ

ಮೊದಲ ಸಲ ಫಿಟ್ಸ್ ಬಂದಾಗ ನನ್ನ ಮಗಳು ರೂಪಾಗೆ ನಾಲ್ಕು ವರ್ಷ. ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಲ್ಲಿ ತಟ್ಟೆ ಮುಂದೆ ಕೂತಿದ್ದ ಮಗು ಒಂದೇ ಸಮನೆ ಗೋಡೆ ನೋಡಿತು. ಆಮೇಲೆ ಸೆಟೆದುಕೊಂಡು ಬಿತ್ತು. ನಿಟ್ಟೂರಿನಿಂದ ಬಂದಿದ್ದ ನಮ್ಮತ್ತೆ ಬೀರುವಿನ ಕೀ ಗೊಂಚಲು ತಂದು ಅವಳ ಕೈಗೆ ತುರುಕಿದರು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಸ್ವಲ್ಪ ಹೊತ್ತಿಗೆ ತಾನಾಗಿ ನಿಂತಿತು. ಹೆಸರೆಲ್ಲ ಕೀ ಗೊಂಚಲಿಗೆ ಬಂತು.

ಆಸ್ಪತ್ರೆಯ ಡಾಕ್ಟರ್ ಇಇಜಿ ನೋಡಿದರು.

"ಎಪಿಲೆಪ್ಸಿ. ಟ್ಯಾಬ್ಲೆಟ್ ಒಂದು ದಿನಾನೂ ತಪ್ಪಿಸ್ಬೇಡಿ. ಬಿದ್ದಾಗ ಒಂದು ಮಗ್ಗುಲಿಗೆ ಹೊರಳಿಸಿ, ಅಷ್ಟೆ. ಕೈಗೆ, ಬಾಯಿಗೆ ಏನೂ ತುರುಕ್ಬೇಡಿ."

"ಸ್ಕೂಲಿಗೆ ಕಳಿಸ್ಬೋದಾ ಸಾರ್?"

"ಯಾಕ್ ಕಳಿಸ್ಬಾರ್ದು? ಕಲಿಯೋದು ಸ್ವಲ್ಪ ನಿಧಾನ ಆಗ್ಬೋದು. ಎಲ್ಲಾ ಮಕ್ಕಳ ಜೊತೇಲೇ ಕೂರ್ಲಿ."

ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಎರಡು ಪ್ರೈವೇಟ್ ಶಾಲೆಯವರು ಬೇರೆ ಮಕ್ಕಳು ಹೆದರುತ್ತವೆ ಎಂದು ಗೇಟಿನಿಂದಲೇ ಸಾಗಹಾಕಿದರು. ಮನೆ ಹತ್ತಿರದ ಸರ್ಕಾರಿ ಶಾಲೆಯವರು, ಇಂಥ ಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂದು ಮೇಲಿನಿಂದ ಆದೇಶ ಬಂದಿದ್ದರಿಂದ, ಮುಖ ಗಂಟಿಕ್ಕಿಕೊಂಡೇ ಸೇರಿಸಿಕೊಂಡರು. ಹೆಡ್‌ಮಿಸ್ಸೇ ಅವಳ ಕ್ಲಾಸಿಗೂ ಪಾಠ ಮಾಡುತ್ತಿದ್ದರು. ಎರಡನೇ ಕ್ಲಾಸು ಮುಗಿಯುತ್ತಾ ಬಂದಾಗ ನನ್ನನ್ನು ಕರೆಸಿದರು.

"ಎರಡು ವರ್ಷದಿಂದ ಒಂದಕ್ಷರ ಬರ್ದಿಲ್ಲ ಕಣಮ್ಮ ನಿನ್ನ ಮಗಳು. ಕುಣಿಗಲ್ ಕಡೆ ಇಂಥವ್ರಿಗೇ ಅಂತ ಒಂದು ಹಾಸ್ಟೆಲ್ ಸ್ಕೂಲ್ ಇದೆಯಂತೆ. ಅಲ್ಲಿಗೆ ಸೇರಿಸ್ಬಿಡು."

ಏಳು ವರ್ಷದ ಮಗುವನ್ನು ಬಿಟ್ಟು ಬರಬೇಕಂತೆ.

ನನಗೆ ತಲೆ ಕೆಟ್ಟುಹೋಯಿತು. ಮನೆಯಲ್ಲಿ ರೂಪಾ ಬರೆಯುತ್ತಿದ್ದಳು. ನಿಧಾನ, ಸೊಟ್ಟ, ಒಪ್ಪುತ್ತೇನೆ. ಆದರೆ ಅಡುಗೆಮನೆಯ ನೆಲದ ಮೇಲೆ ಬಳಪ ಹಿಡಿದು ತನ್ನ ಹೆಸರು, ನನ್ನ ಹೆಸರು, ಅವರಪ್ಪ ಕಂಡಕ್ಟರ್ ಆಗಿದ್ದ ಬಸ್ಸಿನ ಬೋರ್ಡಿನ ಊರುಗಳನ್ನೆಲ್ಲ ಬರೆಯುತ್ತಿದ್ದಳು. ಶಾಲೆಯಲ್ಲಿ ಯಾಕೆ ಬರೆಯಲ್ಲ ಅಂತ ಕೇಳಿದರೆ, "ಕೈ ತೆಗೆದ್ರೆ ಮಿಸ್ ಬೈತಾರೆ" ಅನ್ನುತ್ತಿದ್ದಳು. ನನಗೆ ಅರ್ಥವಾಗುತ್ತಿರಲಿಲ್ಲ. ದಿನಾ ಸಂಜೆ ಅವಳ ಅಂಗೈ ತುಕ್ಕಿನ ವಾಸನೆ ಹೊಡೆಯುತ್ತಿತ್ತು. ಗೇಟು ಹಿಡಿದು ನೇತಾಡುತ್ತಾಳೆ ಅಂದುಕೊಂಡು ಸೋಪು ಹಾಕಿ ತಿಕ್ಕುತ್ತಿದ್ದೆ.

ಒಂದು ದಿನ ನೀರಿನ ಬಾಟಲಿ ಮರೆತು ಹೋದಳು. ಕೊಡಲು ಹೋದೆ. ಕ್ಲಾಸಿನಲ್ಲಿ ಎಲ್ಲ ಮಕ್ಕಳೂ ಸ್ಲೇಟಿನ ಮೇಲೆ ಬಗ್ಗಿದ್ದವು.

ನನ್ನ ಮಗಳು ಎರಡೂ ಕೈಯಲ್ಲಿ ಗೇಟಿನ ಹಳೇ ಬೀಗ ಹಿಡಿದು ಕೂತಿದ್ದಳು.

ಬೆಳಿಗ್ಗೆ ಪ್ರಾರ್ಥನೆಯಿಂದ ಸಂಜೆ ಬೆಲ್ಲಿನವರೆಗೆ. ಎರಡು ವರ್ಷ.

"ಒಳ್ಳೇದಕ್ಕೇ ಮಾಡಿದ್ದು ಕಣಮ್ಮ," ಎಂದರು ಹೆಡ್‌ಮಿಸ್. "ಕಬ್ಬಿಣ ಕೈಲಿರೋದ್ರಿಂದ ತಾನೇ ಇಲ್ಲಿ ಒಂದು ದಿನಾನೂ ಬಿದ್ದಿಲ್ಲ?"

"ಅದು ಮಾತ್ರೆಯಿಂದ ಮೇಡಂ! ಬೀಗ ಹಿಡ್ಕೊಂಡಿರೋ ಮಗು ಯಾವ ಕೈಲಿ ಬರೀಬೇಕು ಹೇಳಿ?"

ಬೀಗ ಕಿತ್ತುಕೊಂಡು ಅವರ ಮೇಜಿನ ಮೇಲೆ ಕುಕ್ಕಿದೆ. ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ. ಕಾಯಿಲೆ ನನ್ನ ಮಗಳಿಂದ ಕಿತ್ತುಕೊಳ್ಳುತ್ತಿದ್ದದ್ದು ಯಾವಾಗಲೋ ಒಮ್ಮೆ ಒಂದೆರಡು ನಿಮಿಷ. ಎರಡು ವರ್ಷ ತಿಂದುಹಾಕಿದವರು ಕೆಟ್ಟವರೇನಲ್ಲ, ಓದಿದವರು, ಹೆದರಿದವರು, ಒಂದೇ ಒಂದು ಸಲ ನನ್ನನ್ನು ಕೇಳಬಹುದಾಗಿದ್ದವರು. ತಾವೇ ಕೈ ಕಟ್ಟಿ ಕೂರಿಸಿ, ಬರೆಯಲು ಬರುವುದಿಲ್ಲವೆಂದು ಊರು ಬಿಡಿಸಲು ಹೊರಟಿದ್ದರು!

ರೂಪಾಗೆ ಚಾಕ್‌ಪೀಸ್ ಕೊಟ್ಟೆ. ಬೋರ್ಡಿನ ಮೇಲೆ ಗುಬ್ಬಿ ಅಂತ ಬರೆದಳು. ಆಮೇಲೆ ನಿಟ್ಟೂರು. ಹೆಡ್‌ಮಿಸ್ ಅದನ್ನು ಓದಿ ಕೇಳಿದ್ದು ಒಂದೇ ಮಾತು.

"ಬೀಗ ಇಲ್ದೆ ಬಿದ್ರೆ ನಾವೇನಮ್ಮ ಮಾಡೋದು?"

ಸೆರಗು ಸಿಕ್ಕಿಸಿಕೊಂಡು ಕ್ಲಾಸಿನ ನೆಲದ ಮೇಲೆ ಮಲಗಿಯೇಬಿಟ್ಟೆ. ಕೈಕಾಲು ಅದುರಿಸಿದೆ. ಮಕ್ಕಳು ಕಿಸಕಿಸ ನಕ್ಕವು. ನಗಲಿ.

"ಬನ್ರೋ, ಬ್ಯಾಗೆಲ್ಲ ಅತ್ಲಾಗೆ ತಳ್ಳಿ. ಅದುರೋದು ನಿಂತ್ಮೇಲೆ ನನ್ನನ್ನ ಒಂದು ಮಗ್ಗುಲಿಗೆ ಹೊರಳಿಸಿ. ಕೈಗೇನೂ ಕೊಡ್ಬೇಡಿ."

ನಾಲ್ಕೈದು ಮಕ್ಕಳು ಸೇರಿ ಹೊರಳಿಸಿದವು. ಮತ್ತೆ ಮಲಗಿದೆ. ಈ ಸಲ ಹೆಡ್‌ಮಿಸ್ಸೂ ಬಗ್ಗಿ ನನ್ನ ಭುಜಕ್ಕೆ ಕೈ ಹಾಕಿದರು.

"ಇಷ್ಟೇನಾ?"

ಇಷ್ಟೇ.

ಕುಣಿಗಲ್ ಹಾಸ್ಟೆಲ್ಲಿನ ಮಾತು ಮತ್ತೆ ಬರಲಿಲ್ಲ. ರೂಪಾ ಅದೇ ಕ್ಲಾಸನ್ನು ಇನ್ನೊಂದು ವರ್ಷ ಓದಬೇಕಾಯಿತು. ಅದೂ ನನಗೆ ಸಿಟ್ಟೇ. ಹೋದ ವಾರ ಜ್ವರ ಬಿಟ್ಟ ಮೈಯಲ್ಲೇ ಶಾಲೆಗೆ ಹೋದವಳು ಸಂಜೆ ಬಂದು ಬಾಗಿಲಲ್ಲೇ ಹೇಳಿದಳು.

"ನಾನು ಬಿದ್ದೋದ್ನಂತೆ ಕಣಮ್ಮ. ಎಲ್ರೂ ಸೇರಿ ಹೊರಳಿಸಿದ್ರಂತೆ."

"ಆಮೇಲೆ?"

"ಆಮೇಲೆ ಮಲಕ್ಕೊಂಡೆ. ಎದ್ದು ಮಗ್ಗಿ ಬರ್ದೆ."

ಅವಳ ಅಂಗೈ ಹಿಡಿದು ಮೂಸಿದೆ. ಬಳಪದ ವಾಸನೆ. ಆ ಮಕ್ಕಳಿಗೆ ನಾನು ಋಣಿ. ದೊಡ್ಡವರ ಮೇಲೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ದಿನಾ ಸಂಜೆ ಅಂಗೈ ಮೂಸಿ ನೋಡಿಯೇ ಅವಳನ್ನು ಒಳಗೆ ಬಿಡುತ್ತೇನೆ.